ಹೊಸ್ತಿಲಲ್ಲಿ ನಿಂತ ಸಾಹೇಬರು

ಮೈಕಣ್ಣನ ಮನೆಯ ನಾಯಿ ‘ಬಾ’ ಎಂದರೆ ಬರುತ್ತಿರಲಿಲ್ಲ. ‘ಬಾರೋ’ ಎಂದರೆ ಮುಖ ತಿರುಗಿಸಿಕೊಳ್ಳುತ್ತಿತ್ತು. ಬಿಸ್ಕತ್ತು ತೋರಿಸಿದರೂ, ಚಿಟಿಕೆ ಹೊಡೆದರೂ, ಮುದ್ದುಗರೆದರೂ ಹೊಸ್ತಿಲ ಆಚೆ ನಾಲ್ಕೂ ಕಾಲು ಊರಿಕೊಂಡು, ತಪ್ಪು ವಿಳಾಸಕ್ಕೆ ಬಂದ ದೊಡ್ಡ ಮನುಷ್ಯರ ಹಾಗೆ ನಿಂತಿರುತ್ತಿತ್ತು. ಯಾರಾದರೂ ಸ್ಪಷ್ಟವಾಗಿ, ಒಂದಕ್ಷರವೂ ನುಂಗದೆ, ‘ದಯವಿಟ್ಟು ಒಳಗೆ ಬನ್ನಿ’ ಎನ್ನಬೇಕು. ಆಗ ಬಾಲವನ್ನು ಒಂದೇ ಸಲ ಅಲ್ಲಾಡಿಸಿ ಒಳಗೆ ಬರುತ್ತಿತ್ತು. ಹೀಗಾಗಿ ಅದಕ್ಕೆ ಸಾಹೇಬರು ಎಂದೇ ಹೆಸರಾಯಿತು. ಹದಿಮೂರು ವರ್ಷ ಆ ಮನೆಯಲ್ಲಿ ಅವರನ್ನು ಯಾರೂ ಏಕವಚನದಲ್ಲಿ ಮಾತಾಡಿಸಿದ್ದಿಲ್ಲ. ಅವರ ವಿಷಯ ಹೇಳುವಾಗ ನಾವಾದರೂ ಯಾಕೆ ಆ ಮರ್ಯಾದೆ ತಪ್ಪಿಸಬೇಕು?

ಈ ಚಾಳಿಗೆ ಕಾರಣ ಮೈಕಣ್ಣನೇ. ಅವನು ಬಸ್ ನಿಲ್ದಾಣದ ಅನೌನ್ಸರ್. ಮೂರು ಬದಿ ಗಾಜು, ಒಂದು ಕುರ್ಚಿ, ಒಂದು ಮೈಕು ಇರುವ ಎತ್ತರದ ಕೋಣೆಯಲ್ಲಿ ಕೂತು ಇಪ್ಪತ್ತೊಂಬತ್ತು ವರ್ಷ ಬಸ್ಸುಗಳನ್ನು ಕರೆದು ಕಳಿಸಿದವನು. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಡ್ರೈವರುಗಳಿಗೆ, ಕಂಡಕ್ಟರುಗಳಿಗೆ, ಕಸ ಗುಡಿಸುವವಳಿಗೆ, ಕೊನೆಗೆ ಅವನ ಬೀದಿಯವರಿಗೂ ಅವನು ಮೈಕಣ್ಣ. ತೆಳ್ಳಗಿನ ಆಳು, ಆದರೆ ದನಿ ಮಾತ್ರ ತುಂಬಿದ ಕೊಡ. ‘ಪ್ರಯಾಣಿಕರು ದಯವಿಟ್ಟು ಗಮನಿಸಿ’ ಎಂದು ಅವನು ಶುರು ಮಾಡಿದರೆ ಅಳುತ್ತಿದ್ದ ಮಕ್ಕಳೂ ಒಂದು ಗಳಿಗೆ ಸುಮ್ಮನಾಗುತ್ತಿದ್ದವು. ಒಮ್ಮೆ ಹಿಂದಕ್ಕೆ ಬರುತ್ತಿದ್ದ ಬಸ್ಸಿನ ದಾರಿಯಲ್ಲಿ ಚೀಲ ಹುಡುಕುತ್ತ ನಿಂತಿದ್ದ ಮುದುಕಿಯನ್ನು ನೋಡಿ, ಮೈಕಿನಲ್ಲೇ ‘ಎಂಟನೇ ನಂಬರ್, ಬ್ರೇಕ್!’ ಎಂದು ಗುಡುಗಿದ್ದ. ನಿಲ್ದಾಣದಲ್ಲಿದ್ದ ಎಲ್ಲ ಬಸ್ಸುಗಳೂ ಬ್ರೇಕು ಹಾಕಿದವು. ಅದನ್ನು ನೆನೆಸಿಕೊಂಡು ಡ್ರೈವರುಗಳು ಎಷ್ಟೋ ವರ್ಷ ನಕ್ಕರು.

ಆ ಗಾಜಿನ ಕೋಣೆಯ ಮೆಟ್ಟಿಲ ಕೆಳಗೆ, ಹಳೆಯ ಟೈರಿನೊಳಗೆ ಸಾಹೇಬರು ಹುಟ್ಟಿದ್ದು. ತಲೆಯ ಮೇಲೇ ಲೌಡ್‌ಸ್ಪೀಕರು. ಕಣ್ಣು ಬಿಡುವ ಮೊದಲೇ ಅವರ ಕಿವಿಗೆ ಬಿದ್ದದ್ದು ‘ದಯವಿಟ್ಟು’, ‘ಬರಬೇಕು’, ‘ಹೊರಡಲಿದೆ’, ‘ಸಹಕರಿಸಿ’. ತಾಯಿ ಒಂದು ದಿನ ಎತ್ತಲೋ ಹೋದದ್ದು ತಿರುಗಿ ಬರಲಿಲ್ಲ. ಮರಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಕೂತಿತು. ಕೈಯಲ್ಲಿ ಮೈಕು ಹಿಡಿದಿದ್ದ ಮೈಕಣ್ಣ ಅದೇ ಧಾಟಿಯಲ್ಲಿ, ‘ದಯವಿಟ್ಟು ಒಳಗೆ ಬನ್ನಿ’ ಎಂದ. ಇಡೀ ನಿಲ್ದಾಣಕ್ಕೆ ಕೇಳಿಸಿತು. ಕೆಳಗಿದ್ದ ನಾಲ್ಕಾರು ಪ್ರಯಾಣಿಕರು ಎಲ್ಲಿಗೆ ಎಂದು ತಿಳಿಯದೆ ಎದ್ದು ನಿಂತರಂತೆ.

ಸಂಜೆ ಮರಿಯನ್ನು ಊಟದ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದ. ಮಗಳಿಗೆ ಆಗ ಹನ್ನೊಂದು ವರ್ಷ, ಅವಳು ಕುಣಿದಾಡಿಬಿಟ್ಟಳು. ಕನ್ನಡಕದ ಅಂಗಡಿಯಿಂದ ಕೆಲಸ ಮುಗಿಸಿ ಬಂದ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ‘ಇದನ್ನ ಯಾರು ನೋಡ್ಕೋತಾರೆ? ನಾನಂತೂ ಮುಟ್ಟಲ್ಲ, ಈಗಲೇ ಹೇಳಿದೀನಿ’ ಎಂದಳು. ಒಂದು ವಾರ ಕಳೆಯುವುದರೊಳಗೆ ಅವಳದೇ ಹಳೆಯ ಸ್ವೆಟರು ಮರಿಯ ಹಾಸಿಗೆಯಾಗಿತ್ತು. ಆದರೆ ಒಂದು ದೂರು ಮಾತ್ರ ಅವಳಿಗೆ ಕೊನೆತನಕ ಉಳಿಯಿತು. ‘ನೋಡಿ, ಕಟ್ಕೊಂಡ ಹೆಂಡ್ತಿಗೆ ಬಾರೇ, ಹೋಗೇ. ಬಸ್ ಸ್ಟ್ಯಾಂಡಿನ ನಾಯಿಗೆ ಬನ್ನಿ, ಕೂತ್ಕೊಳ್ಳಿ. ಮುಂದಿನ ಜನ್ಮದಲ್ಲಿ ನಾನೂ ಆ ಟೈರಲ್ಲೇ ಹುಟ್ತೀನಿ.’

ಸಾಹೇಬರಿಗೆ ಇನ್ನೂ ಕೆಲವು ರೀತಿನೀತಿಗಳಿದ್ದವು. ಬಂದ ನೆಂಟರು ‘ಹೊರಡ್ತೀವಿ’ ಎಂದು ಹೇಳಿ ಮತ್ತೆ ಮಾತಿಗೆ ಕೂತರೆ ಅವರಿಗೆ ಸಹಿಸುತ್ತಿರಲಿಲ್ಲ. ಬಾಗಿಲ ಬಳಿ ಹೋಗಿ, ಆ ನೆಂಟರದೇ ಚಪ್ಪಲಿಯೊಂದನ್ನು ಹುಡುಕಿ, ಬಾಯಲ್ಲಿ ಕಚ್ಚಿ ತಂದು ಎದುರಿಗೆ ಇಡುತ್ತಿದ್ದರು. ಒಂದೇ ಒಂದು; ಎರಡನೆಯದು ಅವರವರ ಜವಾಬ್ದಾರಿ. ಹೆಂಡತಿಯ ಅಕ್ಕ ಒಮ್ಮೆ ಇದರಿಂದ ಮುನಿಸಿಕೊಂಡು ಮೂರು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಮಧ್ಯಾಹ್ನದ ನಿದ್ದೆಗೆ ಸಾಹೇಬರಿಗೆ ಸ್ವಂತ ಮನೆಯ ನೆರಳು ಹಿಡಿಸುತ್ತಿರಲಿಲ್ಲ. ಎದುರುಮನೆಯವನು ಜನರ ಮನೆಸಾಮಾನು ಸಾಗಿಸುವ ವ್ಯಾನ್ ಇಟ್ಟಿದ್ದ. ಊಟಕ್ಕೆಂದು ಅವನು ಬಂದು ವ್ಯಾನ್ ನಿಲ್ಲಿಸುವುದೇ ತಡ, ಸಾಹೇಬರು ಗೇಟಿನ ಸಂದಿಯಲ್ಲಿ ನುಸುಳಿ ಹೋಗಿ ಅದರ ಕೆಳಗೆ ಮೈ ಚೆಲ್ಲುತ್ತಿದ್ದರು. ವ್ಯಾನಿನವನು ಊಟ ಮುಗಿಸಿ ಬಂದು ಗಾಡಿಯ ಮೈಗೆ ಎರಡು ಸಲ ತಟ್ಟಿ, ‘ಸಾಹೇಬ್ರೇ, ಏಳಿ, ಹೊರಡೋ ಟೈಮು’ ಎನ್ನುವನು. ಅವರು ಆಕಳಿಸುತ್ತ ಹೊರಗೆ ಬಂದು ಮೈ ಕೊಡವಿಕೊಳ್ಳುವರು. ಅವನು ಹೊರಡುವನು. ಎಷ್ಟೋ ವರ್ಷ ಇದು ಗಡಿಯಾರದ ಹಾಗೆ ನಡೆಯಿತು.

ಮೈಕಣ್ಣನಿಗೆ ಐವತ್ತಾರು ತುಂಬಿದ ವರ್ಷ, ಒಂದು ಬೆಳಿಗ್ಗೆ ಹತ್ತೂವರೆಗೆ, ಮೈಕಿನ ಎದುರಲ್ಲೇ ಅವನ ಮಾತು ನಿಂತಿತು. ಹೊರಡುವ ಬಸ್ಸಿನ ಹೆಸರು ಹೇಳಲು ಹೋದ. ಬಾಯಿಂದ ಬಂದದ್ದು ಬೇರೆಯೇ ಏನೋ. ಸರಿಪಡಿಸಲು ಹೋದ, ಅದೂ ಬರಲಿಲ್ಲ. ಕೆಳಗೆ ಜನ ನಗುವುದು ಗಾಜಿನಾಚೆ ಕಾಣುತ್ತಿತ್ತು. ಬಲಗೈ ಮೇಜಿನಿಂದ ಜಾರಿತು. ಅದನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟ. ಅದು ಬೇರೆ ಯಾರದೋ ಕೈಯ ಹಾಗೆ ಮತ್ತೆ ಜಾರಿತು. ಮೇಲೆ ಓಡಿಬಂದ ಕಂಡಕ್ಟರು, ‘ಮೈಕಣ್ಣಾ, ಏನಾಯ್ತು?’ ಎಂದಾಗ, ಏನಾಯಿತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳುವುದಕ್ಕೆ ಮಾತ್ರ ಆಗಲಿಲ್ಲ.

ಐದು ವಾರ ಆಸ್ಪತ್ರೆಯಲ್ಲಿದ್ದ. ಬಲಗಾಲಿಗೆ ಅಷ್ಟಿಷ್ಟು ಜೀವ ಬಂತು, ಬಲಗೈಗೆ ಬರಲಿಲ್ಲ. ಮಾತಿನದು ವಿಚಿತ್ರ. ನೀರು ಬೇಕೆಂದರೆ ‘ನೀ’ ಎಂಬಲ್ಲಿಗೇ ನಿಲ್ಲುತ್ತಿತ್ತು. ಮಗಳ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಆದರೆ ಒಂದು ಎರಡು ಮೂರು ಎಂದು ಯಾರಾದರೂ ಶುರು ಮಾಡಿಕೊಟ್ಟರೆ ಇಪ್ಪತ್ತರವರೆಗೆ ಸಲೀಸಾಗಿ ಎಣಿಸುತ್ತಿದ್ದ. ಇನ್ನು ‘ಪ್ರಯಾಣಿಕರು’ ಎಂಬ ಒಂದು ಮಾತು ಹೇಗೋ ಬಾಯಿಗೆ ಬಿದ್ದರೆ ಸಾಕು, ‘ದಯವಿಟ್ಟು ಗಮನಿಸಿ, ಮೂರನೇ ಅಂಕಣದಿಂದ ಹೊರಡುವ ಬಸ್ಸು’ ಎಂದು ಇಡೀ ಪಾಠ ಒಂದು ತಪ್ಪಿಲ್ಲದೆ ಹರಿದು ಬರುತ್ತಿತ್ತು. ವಾರ್ಡಿನ ರೋಗಿಗಳು ಚಪ್ಪಾಳೆ ತಟ್ಟಿದ್ದರು. ಮೈಕಣ್ಣ ಗೋಡೆಯ ಕಡೆ ಹೊರಳಿಕೊಂಡಿದ್ದ.

ಮಾತು ಕಲಿಸಲು ಬರುತ್ತಿದ್ದ ಮೇಡಂ ಹೆಂಡತಿಗೆ ಬಿಡಿಸಿ ಹೇಳಿದರು. ‘ಅಮ್ಮಾ, ಇವರ ತಲೇಲಿ ಎಲ್ಲಾ ಸರಿಯಾಗೇ ಇದೆ. ನಾವು ಆಡೋದೆಲ್ಲ ಅರ್ಥ ಆಗುತ್ತೆ. ಹೊರಗೆ ಬರೋ ದಾರಿ ಕೆಟ್ಟಿದೆ, ಅಷ್ಟೇ. ಎಣಿಸೋದು, ವರ್ಷಗಟ್ಟಲೆ ಹೇಳಿ ಹೇಳಿ ಬಾಯಿಪಾಠ ಆಗಿರೋದು, ಇವೆಲ್ಲ ತಾವಾಗೇ ಬರ್ತವೆ. ಬೇಕು ಅಂದಾಗ ಬೇಕಾದ ಮಾತು ಬರಲ್ಲ.’

‘ಬರುತ್ತಾ ಮುಂದೆ?’ ಹೆಂಡತಿ ಕೇಳಿದಳು.

‘ಸ್ವಲ್ಪ ಸ್ವಲ್ಪ. ಆತುರ ಪಡಬೇಡಿ.’

ಮನೆಗೆ ಬಂದ ಮೇಲೆ ಅವನ ಕುರ್ಚಿಯನ್ನು ಮುಂದಿನ ಕೋಣೆಯಲ್ಲಿ, ಬೀದಿ ಕಾಣುವ ಕಿಟಕಿಯ ಪಕ್ಕ ಹಾಕಿದರು. ಹೊತ್ತು ಹೋಗಲಿ ಎಂದು. ಆ ದಿನವೇ ಸಾಹೇಬರು ಕೋಣೆಯ ಬಾಗಿಲಿಗೆ ಬಂದು ನಿಂತರು. ಐದು ವಾರದಿಂದ ಯಜಮಾನನನ್ನು ಕಂಡಿರಲಿಲ್ಲ. ಮೈಯೆಲ್ಲ ನಡುಗುತ್ತಿತ್ತು, ಗಂಟಲಲ್ಲಿ ಸಣ್ಣ ಕುಂಯ್‌ಗುಟ್ಟುವಿಕೆ. ಆದರೂ ಹೊಸ್ತಿಲು ದಾಟಲಿಲ್ಲ. ಮೈಕಣ್ಣ ಎಡಗೈ ಚಾಚಿದ. ಬಾಯಿ ತೆರೆದ. ‘ದಯವಿಟ್ಟು’ ಎನ್ನುವುದು ಬಂತು. ಸಾಹೇಬರ ಕಿವಿ ನಿಮಿರಿದವು. ಆದರೆ ಮುಂದಿನ ಮಾತು ಹಳೆಯ ಜಾಡಿಗೇ ಬಿದ್ದು ‘ಗಮನಿಸಿ’ ಆಯಿತು. ಮತ್ತೆ ಪ್ರಯತ್ನಿಸಿದ. ಮತ್ತೆ ‘ಗಮನಿಸಿ’. ಸಾಹೇಬರು ತಲೆ ಓರೆ ಮಾಡಿ ಗಮನಿಸುತ್ತಲೇ ನಿಂತರು. ಕೊನೆಗೆ ಮಗಳು ಹಿಂದಿನಿಂದ ಬಂದು, ಅಳು ನುಂಗಿಕೊಂಡು, ‘ದಯವಿಟ್ಟು ಒಳಗೆ ಬನ್ನಿ ಸಾಹೇಬ್ರೇ’ ಎಂದಳು. ಅವರು ಒಂದೇ ನೆಗೆತಕ್ಕೆ ಬಂದು ಅವನ ಮಡಿಲಿಗೆ ಮೂತಿ ತುರುಕಿದರು.

ಹೀಗೆ ಎರಡು ತಿಂಗಳು ನಡೆಯಿತು. ಬೆಳಿಗ್ಗೆ ಹೆಂಡತಿ ಅಂಗಡಿಗೆ ಹೋಗುವ ಮುಂಚೆ ಸಾಹೇಬರನ್ನು ಮರ್ಯಾದೆಯಿಂದ ಒಳಗೆ ಕರೆದು ಹೋಗುವಳು. ಆಮೇಲೆ ಒಂದು ದಿನ, ಅವಳು ಕರೆದರೂ ಅವರು ಬರಲಿಲ್ಲ. ಎರಡು ಸಲ ಕರೆದಳು. ಮಗಳು ಕರೆದಳು. ಸಾಹೇಬರು ಮೈಕಣ್ಣನ ಮುಖವನ್ನೇ ನೋಡುತ್ತ ಹೊಸ್ತಿಲಲ್ಲೇ ಉಳಿದರು.

‘ನೋಡಿದ್ಯಾ ಅಮ್ಮಾ, ಅಪ್ಪನೇ ಕರೀಬೇಕಂತೆ ಇವರಿಗೆ. ನಮ್ಮ ದನಿ ಸಾಕಾಯ್ತಂತೆ’ ಎಂದಳು ಮಗಳು. ಅವಳ ಕಣ್ಣು ತುಂಬಿತ್ತು. ಹೆಂಡತಿಯೂ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಮಾತು ಕನ್ನಡಕದ ಅಂಗಡಿಗೂ, ಮಗಳು ಪಾಠ ಹೇಳುವ ಶಿಶುವಿಹಾರಕ್ಕೂ, ಬೀದಿಗೂ ಹೋಯಿತು. ಯಜಮಾನನ ದನಿಗಾಗಿ ಕಾಯುತ್ತಿರುವ ನಾಯಿಯನ್ನು ನೋಡಲು ಒಬ್ಬಿಬ್ಬರು ಬಂದು ಹೋದರು ಕೂಡ.

ಸತ್ಯ ಏನೆಂದು ಗೊತ್ತಿದ್ದದ್ದು ಮೈಕಣ್ಣನೊಬ್ಬನಿಗೇ. ದಿನವಿಡೀ ಅವರಿಬ್ಬರೇ ಅಲ್ಲವೇ ಮನೆಯಲ್ಲಿ. ಮೊದಲೆಲ್ಲ ಹಾಲಿನವನ ಗಂಟೆ ಕೇಳಿದರೆ ಓಡುತ್ತಿದ್ದ ಸಾಹೇಬರು ಈಗ ತಲೆ ಎತ್ತುತ್ತಿರಲಿಲ್ಲ. ಒಮ್ಮೆ ಅವನ ಕೈತಪ್ಪಿ ಸ್ಟೀಲ್ ಲೋಟ ಅವರ ಬೆನ್ನ ಹಿಂದೆಯೇ ಬಿದ್ದು ಉರುಳಿತು, ಅವರು ಮಿಸುಕಲಿಲ್ಲ. ಮರುದಿನ ಪರೀಕ್ಷೆ ಮಾಡಲೆಂದೇ ಅವನು ಲೋಟವನ್ನು ಬೇಕಂತ ಬೀಳಿಸಿದ. ಆಗಲೂ ಇಲ್ಲ. ಸಾಹೇಬರು ಯಾರ ಮೇಲೂ ಮುನಿಸಿಕೊಂಡಿರಲಿಲ್ಲ. ಅವರಿಗೆ ಕಿವಿ ಕೇಳುತ್ತಿರಲಿಲ್ಲ.

ಇದನ್ನು ಹೇಳಬೇಕು ಎಂದು ಅವನಿಗೆ ಹಟವೇ ಹಿಡಿಯಿತು. ಸಂಜೆ ಹೆಂಡತಿ ಬಂದ ಕೂಡಲೇ ತನ್ನ ಕಿವಿ ಮುಟ್ಟಿ ತೋರಿಸಿ, ಬೇಡ ಬೇಡ ಎಂಬಂತೆ ಕೈ ಆಡಿಸಿದ.

‘ಕಿವಿ ನೋವಾ?’

ಅವನು ಅಲ್ಲವೆಂದು ತಲೆಯಾಡಿಸಿ ಸಾಹೇಬರ ಕಡೆ ಬೆರಳು ಮಾಡಿದ.

‘ಅವರು ಇಲ್ಲೇ ಇದಾರಲ್ರೀ. ಕಿವಿ ಏನಾಯ್ತು? ತುರಿಕೇನಾ?’

‘ಒಂದು, ಎರಡು’ ಎಂದ ಮೈಕಣ್ಣ. ಹೇಳಲು ಹೊರಟದ್ದು ಅದಲ್ಲ.

‘ಎರಡೂ ಕಿವೀನಾ?’ ಎಂದು ಹೆಂಡತಿ ಗಾಬರಿಯಾದಳು. ಕುರ್ಚಿಯಲ್ಲೇ ಅವನ ತಲೆಯನ್ನು ಒಂದು ಬದಿಗೆ ವಾಲಿಸಿ ಹಿಡಿದು, ಎರಡೂ ಕಿವಿಗೆ ಔಷಧಿಯ ಹನಿ ಬಿಟ್ಟಳು. ಹನಿ ಕೊರೆಯುತ್ತ ಒಳಗಿಳಿಯಿತು. ಅವನು ಎಡಗೈಯಿಂದ ಕುರ್ಚಿಯ ತೋಳನ್ನು ಗುದ್ದಿದ. ‘ಮಗು ಥರ ಆಡಬೇಡಿ, ಆಯ್ತು, ಆಯ್ತು’ ಎಂದು ಅವಳು ಹತ್ತಿ ತುರುಕಿದಳು. ಮೂರು ದಿನ, ದಿನಕ್ಕೆ ಎರಡು ಹೊತ್ತು, ಔಷಧಿ ಬಿಟ್ಟಳು. ನಾಲ್ಕನೇ ದಿನ ಅವನು ಕಿವಿ ತೋರಿಸುವುದನ್ನು ನಿಲ್ಲಿಸಿದ. ‘ವಾಸಿ ಆಯ್ತು ನೋಡು’ ಎಂದು ಅವಳು ಮಗಳಿಗೆ ಸಮಾಧಾನದಿಂದ ಹೇಳಿದಳು.

ಅದಾಗಿ ಹತ್ತು ದಿನಕ್ಕೆ ಅದು ನಡೆಯಿತು.

ಮಧ್ಯಾಹ್ನ ಒಂದೂವರೆ. ಹೆಂಡತಿ ಊಟಕ್ಕೆ ಬರಲು ಇನ್ನೂ ಅರ್ಧ ಗಂಟೆ ಇತ್ತು. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ತಿಂಗಳಿಂದ ದೂರದ ಬಾಡಿಗೆಗಳಿಗೆ ಹೋಗಿ ಮಧ್ಯಾಹ್ನ ಬಾರದಿದ್ದ ವ್ಯಾನ್ ಅಂದು ಮತ್ತೆ ಎದುರುಮನೆಯ ಮುಂದೆ ನಿಂತಿತ್ತು. ಅದರ ಹಿಂಚಕ್ರದ ಪಕ್ಕದಿಂದ ಸಾಹೇಬರ ಬಾಲವೂ ಒಂದು ಹಿಂಗಾಲೂ ಹೊರಗೆ ಚಾಚಿದ್ದು ಮೈಕಣ್ಣನಿಗೆ ಕಾಣುತ್ತಿತ್ತು. ವ್ಯಾನಿನವನು ಕೈ ಒರೆಸಿಕೊಳ್ಳುತ್ತ ಮನೆಯಿಂದ ಹೊರಗೆ ಬಂದ. ವಾಡಿಕೆಯಂತೆ ಗಾಡಿಯ ಮೈಗೆ ಎರಡು ಸಲ ತಟ್ಟಿದ. ‘ಸಾಹೇಬ್ರೇ, ಏಳಿ.’

ಬಾಲ ಅಲ್ಲಾಡಲಿಲ್ಲ.

ವ್ಯಾನಿನವನು ಇದ್ದ ಬದಿಗೆ ಆ ಬಾಲ ಕಾಣುವಂತಿರಲಿಲ್ಲ. ಹದಿಮೂರು ವರ್ಷದಲ್ಲಿ ಒಮ್ಮೆಯೂ ಆ ನಾಯಿ ತಟ್ಟಿದ ಮೇಲೆ ಅಲ್ಲಿ ಉಳಿದಿದ್ದಿಲ್ಲ. ಅವನು ಬಾಗಿಲು ತೆಗೆದು ಹತ್ತಿ ಕೂತ.

ಮೈಕಣ್ಣ ಎಡಗೈಯಿಂದ ಕಿಟಕಿಯ ಸರಳು ಹಿಡಿದು ಏಳಲು ನೋಡಿದ. ಅರ್ಧ ಎದ್ದ. ಎದೆಯೊಳಗಿದ್ದದ್ದು ಒಂದೇ ಮಾತು: ನಿಲ್ಲಿಸು. ಎರಡನೆಯದು ಬೇಡ, ಅದೊಂದು ಬಂದರೆ ಸಾಕು. ಅದೂ ಬೇಡ, ‘ಬ್ರೇಕ್’ ಎಂದರೂ ಸಾಕು. ಬಾಯಿ ತೆರೆದ. ಎಷ್ಟೋ ತಿಂಗಳಿಂದ ಸತ್ತಿದ್ದ ಆ ದನಿ ಹಳೆಯ ಕಸುವಿನಲ್ಲೇ, ಬೀದಿಯ ಕೊನೆ ಮುಟ್ಟುವ ಹಾಗೆ ಹೊರಟಿತು:

‘ಪ್ರಯಾಣಿಕರು ದಯವಿಟ್ಟು ಗಮನಿಸಿ. ಮೂರನೇ ಅಂಕಣದಿಂದ ಹೊರಡುವ ಬಸ್ಸು...’

ವ್ಯಾನಿನವನು ಕಿಟಕಿಯ ಕಡೆ ತಿರುಗಿದ. ಅವನ ಮುಖ ಅರಳಿತು. ‘ಓಹೋ, ಶುರುವಾಯ್ತಲ್ಲ ಮೈಕಣ್ಣಾ! ಭೇಷ್!’ ಎಂದು ಕೂಗಿ ಕೈ ಎತ್ತಿದ. ಆಮೇಲೆ ಗಾಡಿಯನ್ನು ಹಿಂದಕ್ಕೆ ತೆಗೆದ.

ಮೈಕಣ್ಣನ ಬಾಯಿಂದ ಇನ್ನೂ ಬಸ್ಸು ಹೊರಡುತ್ತಲೇ ಇತ್ತು. ಅದನ್ನು ನಿಲ್ಲಿಸುವುದೂ ಅವನ ಕೈಲಾಗಲಿಲ್ಲ. ಕಾಲು ಸೋತು ಕುರ್ಚಿಯಿಂದ ಒಂದು ಪಕ್ಕಕ್ಕೆ ಜಾರಿ, ಕಿಟಕಿಯ ಕೆಳಗಿನ ಗೋಡೆಗೆ ಒರಗಿ ಬಿದ್ದ. ಹೊರಗಿನದು ಆಮೇಲೆ ಕಾಣಲಿಲ್ಲ. ಕೇಳಿಸಿತು. ಗಾಡಿ ನಿಂತದ್ದು, ಬಾಗಿಲು ತೆರೆದದ್ದು, ‘ಅಯ್ಯೋ, ಅಯ್ಯೋ’ ಎಂಬ ಒಬ್ಬ ಗಂಡಸಿನ ದನಿ. ಸಾಹೇಬರ ಸದ್ದು ಒಮ್ಮೆಯೂ ಕೇಳಿಸಲಿಲ್ಲ.

ಹೆಂಡತಿ ಬಂದಾಗ ವ್ಯಾನಿನವನು ಗೇಟಿನಲ್ಲೇ ಅವಳನ್ನು ತಡೆದ. ಬೀರುಗಳನ್ನು ಸುತ್ತಲು ಇಟ್ಟುಕೊಂಡಿದ್ದ ಹೊಸ ಕಂಬಳಿಯಲ್ಲಿ ಸಾಹೇಬರನ್ನು ಸುತ್ತಿದ್ದ.

‘ಅಕ್ಕಾ, ನನ್ನ ಕೈಯಾರೆ ಆಗೋಯ್ತು. ತಟ್ಟಿದೆ ಅಕ್ಕಾ, ಯಾವಾಗಿನ ಹಾಗೇ ತಟ್ಟಿದೆ. ಎದ್ದು ಹೋಗಿರ್ತಾರೆ ಅಂದ್ಕೊಂಡೆ.’

ಅವಳು ಕಂಬಳಿಯ ಮೇಲೆ ಕೈಯಿಟ್ಟಳು. ಆಮೇಲೆ ಪಿಸುದನಿಯಲ್ಲಿ ಹೇಳಿದಳು: ‘ಮೆಲ್ಲಗೆ ಮಾತಾಡು. ಅವರಿಗೆ ಗೊತ್ತಾಗಬಾರದು. ಡಾಕ್ಟರು ಹೇಳಿದಾರೆ, ಆಘಾತ ಆದ್ರೆ ಇನ್ನೊಂದು ಸಲ ಹಾಗೇ ಆಗಬಹುದಂತೆ. ಅಕ್ಕನ ಮನೆಗೆ ಕಳಿಸಿದೀವಿ ಅಂತೀನಿ.’

ಕಿಟಕಿಯ ಕೆಳಗೆ ಬಿದ್ದಿದ್ದ ಮೈಕಣ್ಣನಿಗೆ ಒಂದೊಂದಕ್ಷರವೂ ಕೇಳಿಸಿತು. ಒಳಗೆ ಬಂದು ಅವನನ್ನು ಕಂಡು ಅವಳು ಚೀರಿದಳು. ಏಳಲು ಹೋಗಿ ಬಿದ್ದಿರಬೇಕು ಎಂದುಕೊಂಡಳು. ಅವನ ಕಣ್ಣೀರು ನೋವಿನದೆಂದುಕೊಂಡು ಭುಜಕ್ಕೆ ಎಣ್ಣೆ ಹಚ್ಚಿ ತಿಕ್ಕಿದಳು.

ಆ ಸಂಜೆಯಿಂದ ಸುಳ್ಳು ಶುರುವಾಯಿತು. ಹೆಂಡತಿಗೆ ಸುಳ್ಳು ಹೇಳುವ ಅಭ್ಯಾಸ ಮೊದಲಿಂದಲೂ ಇಲ್ಲ. ಹೇಳುವಾಗ ಅಡಿಗೆಮನೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದಳು. ‘ಅಕ್ಕನ ಮನೇಲಿ ದೊಡ್ಡ ಅಂಗಳ ಇದೆಯಲ್ಲ, ಸಾಹೇಬ್ರು ಅಲ್ಲಿ ಆರಾಮಾಗಿದಾರಂತೆ. ನಿಮಗೆ ಸ್ವಲ್ಪ ಹುಷಾರಾಗಲಿ, ಕರೆಸಿಕೊಳ್ಳೋಣ.’ ದಿನ ಬಿಟ್ಟು ದಿನ ಹೊಸ ಸುದ್ದಿ. ಸಾಹೇಬರು ಅಕ್ಕನ ಗಂಡನ ಚಪ್ಪಲಿ ತಂದಿಟ್ಟರಂತೆ. ಅಕ್ಕ ಈಗ ಬೈಯುವುದಿಲ್ಲವಂತೆ, ರೂಢಿಯಾಗಿದೆಯಂತೆ. ಒಂದು ಭಾನುವಾರ ಮಗಳು ಫೋನು ಹಿಡಿದು ಬಂದಳು. ‘ಅಪ್ಪಾ, ನೋಡಿ, ದೊಡ್ಡಮ್ಮ ಇವತ್ತು ಕಳಿಸಿದ ಫೋಟೋ. ದಪ್ಪ ಆಗಿದಾರಲ್ಲ?’

ಫೋಟೋದಲ್ಲಿ ಸಾಹೇಬರ ಮೂತಿ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಅದು ನೆರೆತು ನಾಲ್ಕು ವರ್ಷವಾಗಿತ್ತು. ಮಗಳು ಹಳೆಯ ಫೋಟೋ ಹುಡುಕುವಾಗ ಅದನ್ನು ಗಮನಿಸಿಲ್ಲ, ಪಾಪ. ಮೈಕಣ್ಣ ಅವಳ ಮುಖ ನೋಡಿದ. ಅವನು ತಲೆಯಾಡಿಸಿದ, ಹೌದು, ದಪ್ಪ ಆಗಿದಾರೆ ಎಂಬಂತೆ. ಅವಳು ಸರಸರ ಒಳಗೆ ಹೋಗಿ ನಲ್ಲಿ ಬಿಟ್ಟಳು. ನೀರಿನ ಸದ್ದಿನಲ್ಲಿ ಅತ್ತರೆ ಕೇಳಿಸುವುದಿಲ್ಲ ಎಂದು ಅವಳ ಲೆಕ್ಕ.

ಅವರಿಗಾಗಿ ಅವನು ನಂಬಿದಂತೆ ನಟಿಸಿದ. ಅವನಿಗಾಗಿ ಅವರು ನಟಿಸಿದರು. ಮೂವರೂ ಸೋತರು. ಸಾಹೇಬರ ಸ್ವೆಟರನ್ನು ಯಾರೂ ಒಗೆಯಲಿಲ್ಲ, ಎತ್ತಿಡಲೂ ಇಲ್ಲ. ಅದು ಎದ್ದು ಕಾಣುವ ಜಾಗದಲ್ಲಿದ್ದರೆ ತಾನೇ ಅವರು ತಿರುಗಿ ಬರುತ್ತಾರೆಂಬ ಸುಳ್ಳು ನಿಲ್ಲುವುದು.

ವ್ಯಾನಿನವನು ಗಾಡಿಯನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ ನಡೆದು ಬರತೊಡಗಿದ. ಕಿಟಕಿಯ ಎದುರು ಬಂದಾಗ ತಲೆ ತಗ್ಗಿಸುತ್ತಿದ್ದ. ಅವನನ್ನು ಕರೆಯಬೇಕು, ನಿನ್ನ ತಪ್ಪಲ್ಲ ಮಾರಾಯ ಎನ್ನಬೇಕು ಎಂದು ಮೈಕಣ್ಣನಿಗೆ ದಿನವೂ ಅನಿಸುತ್ತಿತ್ತು. ಅವನು ಎಡಗೈ ಎತ್ತಿದರೆ ವ್ಯಾನಿನವನು ಇನ್ನಷ್ಟು ಬೇಗ ಬೇಗ ನಡೆದು ಮನೆಯೊಳಗೆ ಸೇರಿಕೊಳ್ಳುತ್ತಿದ್ದ.

ನಾಲ್ಕು ತಿಂಗಳ ಮೇಲೆ ಒಂದು ಸಂಜೆ, ಮಾತಿನ ಮೇಡಂ ಚಿತ್ರದ ಕಾರ್ಡುಗಳ ದೊಡ್ಡ ಕಟ್ಟು ತಂದರು. ಅಷ್ಟರಲ್ಲಿ ಮೈಕಣ್ಣನಿಗೆ ನೀರು, ಬೇಡ, ಸಾಕು, ಆಯ್ತು, ಇಂಥ ಹತ್ತು ಹನ್ನೆರಡು ಮಾತು ಬಂದಿದ್ದವು. ಮೇಡಂ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, ‘ನಿಮಗೆ ಏನಾದ್ರೂ ಹೇಳಬೇಕು ಅನ್ನಿಸಿದ್ರೆ ಎತ್ತಿ ತೋರಿಸಿ, ಆಗ ನಾನು ಹೇಳ್ತೀನಿ, ಆಮೇಲೆ ನೀವು ಹೇಳಿ’ ಎಂದರು. ಮೈಕಣ್ಣ ಹುಡುಕಿ ಹುಡುಕಿ ನಾಯಿಯ ಚಿತ್ರ ತೆಗೆದ. ಅದರ ಮೇಲೆ ಲಾರಿಯ ಚಿತ್ರ ಇಟ್ಟ. ಅಂಗೈಯಿಂದ ಎರಡನ್ನೂ ಒತ್ತಿ ಹಿಡಿದ.

ಮೇಡಂ ಮಗಳ ಕಡೆ ನೋಡಿದರು. ಮಗಳು ಕೈಯಲ್ಲಿದ್ದ ಕಾಫಿಯ ತಟ್ಟೆಯನ್ನು ನೆಲದ ಮೇಲೇ ಇಟ್ಟುಬಿಟ್ಟಳು.

‘ಅಪ್ಪಾ, ನಿಮಗೆ ಗೊತ್ತಾ?’

ಅವನು ಹೌದೆಂದು ತಲೆಯಾಡಿಸಿದ.

‘ಯಾರು ಹೇಳಿದ್ರು?’

ಅವನು ಕಿಟಕಿ ತೋರಿಸಿದ. ಆಮೇಲೆ ತನ್ನ ಕಣ್ಣು ತೋರಿಸಿದ.

ಅವಳಿಗೆ ಒಂದೊಂದಾಗಿ ಅರ್ಥವಾಯಿತು. ಆ ದಿನ ಅಪ್ಪ ಕುರ್ಚಿಯಿಂದ ಬಿದ್ದದ್ದು, ವ್ಯಾನಿನವನು ‘ಮೈಕಣ್ಣ ಅನೌನ್ಸ್ ಮಾಡ್ತಿದ್ರು, ದನಿ ಬಂದಿದೆ’ ಎಂದು ಹೇಳಿದ್ದು, ಫೋಟೋ. ‘ನೋಡ್ತಾ ಇದ್ರಾ? ನೋಡ್ತಾನೇ ಇದ್ರಾ ಅಪ್ಪಾ?’ ಎಂದವಳು ಅವನ ಮೊಣಕಾಲಿಗೆ ತಲೆಯಿಟ್ಟು ಅತ್ತಳು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ‘ನಾಲ್ಕು ತಿಂಗಳು ನನ್ನ ಬಾಯಿಂದ ಕಥೆ ಕೇಳಿಸಿಕೊಂಡ್ರಲ್ರೀ’ ಎಂದಳು, ಅಷ್ಟೇ.

ಮೈಕಣ್ಣನದು ಇನ್ನೂ ಮುಗಿದಿರಲಿಲ್ಲ. ಅವನು ಕಿವಿಯ ಚಿತ್ರ ಹುಡುಕಿ ನಾಯಿಯ ಪಕ್ಕ ಇಟ್ಟ. ‘ಬೇಡ’ ಎಂದ. ಅದು ‘ಇಲ್ಲ’ ಆಗಬೇಕಿತ್ತು. ‘ಬೇಡ, ಬೇಡ.’

‘ಮತ್ತೆ ಕಿವಿ ನೋವಾ?’ ಎಂದಳು ಹೆಂಡತಿ. ಆದರೆ ಈ ಸಲ ಮೇಡಂ ಇದ್ದರು. ಅವರು ಕಾರ್ಡುಗಳನ್ನೂ ಅವನ ಮುಖವನ್ನೂ ನೋಡಿ, ನಿಧಾನವಾಗಿ ಕೇಳಿದರು: ‘ನಾಯಿಗೆ... ಕಿವಿ ಕೇಳಿಸ್ತಾ ಇರಲಿಲ್ವಾ?’

ಮೈಕಣ್ಣ ಎಡಗೈಯಿಂದ ಮೇಜು ಬಡಿದ. ತಲೆಯಾಡಿಸಿದ. ಮತ್ತೆ ಬಡಿದ. ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಇಷ್ಟು ತಿಂಗಳ ಮೇಲೆ ಒಬ್ಬರಿಗೆ, ಒಬ್ಬರಿಗಾದರೂ ಅರ್ಥವಾಯಿತಲ್ಲ. ಹೆಂಡತಿ ಮಾತ್ರ ಕೆನ್ನೆಗೆ ಕೈಯಿಟ್ಟುಕೊಂಡು ಕೂತುಬಿಟ್ಟಳು. ಔಷಧಿಯ ಶೀಶೆ ಅವಳಿಗೆ ನೆನಪಾಗಿರಬೇಕು.

‘ಹಾಗಾದ್ರೆ ನಾವು ಕರೆದಾಗ ಬರದೇ ಇದ್ದದ್ದು...’ ಎಂದು ಮಗಳು ಶುರು ಮಾಡಿದಳು.

ಮರುದಿನ ಮಧ್ಯಾಹ್ನ ಅವರು ವ್ಯಾನಿನವನನ್ನು ಮನೆಗೆ ಕರೆಸಿದರು. ಮೈಕಣ್ಣನೇ ಹಟ ಹಿಡಿದಿದ್ದ. ನಾಯಿಯ ಕಾರ್ಡನ್ನು ಎದುರುಮನೆಯ ಕಡೆ ತೋರಿಸಿ ತೋರಿಸಿ ಹೆಂಡತಿಯ ಜೀವ ತಿಂದಿದ್ದ. ವ್ಯಾನಿನವನು ಒಳಗೆ ಬರಲು ಹಿಂಜರಿದ, ಕೊನೆಗೆ ಸ್ಟೂಲಿನ ತುದಿಯಲ್ಲಿ ಕೂತ. ಮಗಳು ಎಲ್ಲ ಹೇಳಿದಳು. ‘ನಿಮ್ಮ ತಪ್ಪಿಲ್ಲ ಅಣ್ಣಾ. ನೀವು ತಟ್ಟಿದ್ದು ಅವರಿಗೆ ಕೇಳಿಸೋಕೆ ಸಾಧ್ಯನೇ ಇರಲಿಲ್ಲ. ಕಿವಿ ಪೂರ್ತಿ ಹೋಗಿತ್ತು. ಅಪ್ಪ ಅದನ್ನೇ ಹೇಳಬೇಕು ಅಂತ ಕರೆಸಿದ್ದು.’

ಮೈಕಣ್ಣ ಅವನ ಮುಖವನ್ನೇ ನೋಡುತ್ತಿದ್ದ. ಈಗ ಅಲ್ಲಿ ಏನೋ ಹಗುರಾಗುತ್ತದೆ ಎಂದು ಕಾಯುತ್ತಿದ್ದ.

ವ್ಯಾನಿನವನು ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ‘ಕಿವಿ ಕೇಳಲ್ಲ ಅಂತ ಗೊತ್ತಿದ್ದಿದ್ರೆ’ ಎಂದ, ‘ನಾನು ಬಗ್ಗಿ ನೋಡ್ತಿದ್ದೆ. ದಿನಾ ಬಗ್ಗಿ ನೋಡ್ತಿದ್ದೆ. ಯಾರಾದ್ರೂ ಒಂದು ಮಾತು ಹೇಳಿದ್ದಿದ್ರೆ ಸಾಕಿತ್ತು.’

ಹೇಳಿದ ಮೇಲೆ ಅವನಿಗೆ ತಾನು ಯಾರ ಎದುರು ಏನು ಹೇಳಿದೆ ಎಂಬುದು ಹೊಳೆಯಿತು. ‘ಅಯ್ಯೋ, ಮೈಕಣ್ಣಾ, ನಾನು ಹಾಗಲ್ಲ...’ ಎಂದು ಎದ್ದು ನಿಂತ. ಹೆಂಡತಿ ಬೇರೆಲ್ಲೋ ನೋಡಿದಳು. ಮಗಳು ಕಾರ್ಡುಗಳನ್ನು ಒಟ್ಟುಗೂಡಿಸತೊಡಗಿದಳು. ಅವು ಮೊದಲೇ ಒಟ್ಟಾಗಿದ್ದವು. ಮೈಕಣ್ಣ ಅವನಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಇದ್ದ ಹತ್ತು ಹನ್ನೆರಡು ಮಾತುಗಳಲ್ಲಿ ಇದಕ್ಕೆ ಹೊಂದುವುದು ಒಂದೂ ಇರಲಿಲ್ಲ. ಕೊನೆಗೆ ‘ಆಯ್ತು’ ಎಂದ. ವ್ಯಾನಿನವನು ಅವನ ನಿಶ್ಚಲ ಬಲಗೈಯನ್ನು ಎರಡೂ ಕೈಯಲ್ಲಿ ಒಂದಷ್ಟು ಹೊತ್ತು ಹಿಡಿದುಕೊಂಡಿದ್ದು, ಹೋದ.

ಅವನು ಹೋದ ಮೇಲೆ ಹೆಂಡತಿ ಕುರ್ಚಿಯ ಹಿಂದೆ ಬಂದು ನಿಂತಳು. ‘ಈ ಕುರ್ಚೀನ ಒಳಗೆ ಹಾಕ್ಲಾ? ಈ ಬೀದಿ ನೋಡ್ತಾ ಯಾಕೆ ಕೂತ್ಕೋತೀರಿ?’

‘ಬೇಡ’ ಎಂದ ಮೈಕಣ್ಣ.

ಅವಳು ಇನ್ನೊಂದು ಸಲ ಕೇಳಲಿಲ್ಲ. ಸ್ಟೂಲನ್ನು ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು. ಆ ದಿನ ಮಧ್ಯಾಹ್ನ ಅಂಗಡಿಗೆ ತಡವಾಗಿ ಹೋದಳು.